ಗಂಟೆ ಹೊಡೆದ ಮೇಲೆ

ನಮ್ಮ ವಿಶ್ವವಿದ್ಯಾಲಯದಲ್ಲಿ ಅವಳ ನಿಜವಾದ ಹೆಸರು ಸಂಬಳದ ವಿಭಾಗದವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಮೈಕಮ್ಮ. ದೊಡ್ಡ ಸಭಾಂಗಣದಲ್ಲಿ ಮೇಷ್ಟ್ರ ಕಾಲರಿಗೆ ಮೈಕು ಸಿಕ್ಕಿಸುವುದು, ಹಿಂದಿನ ಮೂಲೆಯಲ್ಲಿ ಕ್ಯಾಮೆರಾದ ಹಿಂದೆ ನಿಂತು ಪಾಠ ಚಿತ್ರೀಕರಿಸುವುದು, ಮನೆಯಲ್ಲೇ ಕೂತು ಓದುವ ದೂರದ ವಿದ್ಯಾರ್ಥಿಗಳಿಗೆ ಅದನ್ನು ಆಗಿಂದಾಗಲೇ ತಲುಪಿಸುವುದು ಅವಳ ಕೆಲಸ. ಹೋದ ತಿಂಗಳು ತೀರಿಕೊಂಡಳು. ಬೆಳಿಗ್ಗೆ ತಲೆನೋವು ಅಂತ ಮಾತ್ರೆ ನುಂಗಿ ಕೆಲಸಕ್ಕೆ ಬಂದವಳು ಸಂಜೆಗೆ ಇರಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂದರು.

ವಿಶ್ವವಿದ್ಯಾಲಯ ಸಂತಾಪ ಸೂಚಿಸಿತು. 'ತಾಂತ್ರಿಕ ವಿಭಾಗದ ಹಿರಿಯ ಸಿಬ್ಬಂದಿ, ನಿಷ್ಠಾವಂತ ಸೇವೆ' ಅಂತ ಬರೆದಿದ್ದರು. ತಪ್ಪೇನಿಲ್ಲ. ಆದರೆ ಅವಳು ಇಲ್ಲಿಯ ವಿದ್ಯಾರ್ಥಿನಿಯೂ ಆಗಿದ್ದಳು ಅನ್ನುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಗ್ರಂಥಾಲಯದ ಕೌಂಟರಿನಲ್ಲಿ ಕೂರುವವಳು. ಅವಳ ಮಧ್ಯಾಹ್ನದ ಡಬ್ಬಿಯೂ ನನ್ನ ಡಬ್ಬಿಯೂ ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಎಷ್ಟೋ ವರ್ಷ ಒಟ್ಟಿಗೆ ತೆರೆದುಕೊಂಡಿವೆ. ಆ ಬಿಟ್ಟುಹೋದ ಮಾತನ್ನು ನಾನಾದರೂ ಬರೆಯಬೇಕು ಅನ್ನಿಸಿತು.

ನಮ್ಮದು ಹೆಸರುವಾಸಿ ವಿಶ್ವವಿದ್ಯಾಲಯ. ಇಲ್ಲಿ ಓದಿದ್ದೇನೆ ಅಂದರೆ ಅರ್ಧ ಸಂದರ್ಶನ ಮುಗಿದ ಹಾಗೆ. ಹದಿನೆಂಟರ ವಯಸ್ಸಿನಲ್ಲಿ ಅವಳೂ ಇಲ್ಲಿಯ ಪ್ರವೇಶ ಪರೀಕ್ಷೆ ಬರೆದಿದ್ದಳಂತೆ. "ಕೂದಲೆಳೆಯಲ್ಲಿ ತಪ್ಪಿತಾ?" ಅಂತ ಕೇಳಿದ್ದೆ.

"ಅಯ್ಯೋ, ಸುಳ್ಳು ಯಾಕೆ ಹೇಳ್ಲಿ? ಕೂದಲೆಳೆ ಅಲ್ಲ ಕಣೇ, ಇಡೀ ಜಡೆಯಷ್ಟು ದೂರದಲ್ಲಿ ತಪ್ಪಿತು," ಅಂದು ನಕ್ಕಿದ್ದಳು.

ಆಮೇಲೆ ಧ್ವನಿಯಂತ್ರಗಳ ರಿಪೇರಿ ಕಲಿತು, ಅಲ್ಲಿ ಇಲ್ಲಿ ದುಡಿದು, ಕೊನೆಗೆ ವಿದ್ಯಾರ್ಥಿಯಾಗಿ ಹತ್ತಲಾಗದ ಮೆಟ್ಟಿಲನ್ನು ಉದ್ಯೋಗಿಯಾಗಿ ಹತ್ತಿದಳು. ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದ ಪದವಿಯನ್ನು ದೂರದವರಿಗೂ ತೆರೆದಾಗ ಸಿಬ್ಬಂದಿಯೂ ಸೇರಬಹುದು ಅಂತ ಸುತ್ತೋಲೆ ಬಂತು. ಅವಳು ಸೇರಿದಳು. ಆಗ ಅವಳಿಗೆ ನಲವತ್ತರ ಹತ್ತಿರ. ಗಂಡ ಕ್ಷೌರಿಕ, ಬಸ್ ನಿಲ್ದಾಣದ ಎದುರು ಎರಡು ಕುರ್ಚಿಯ ಅಂಗಡಿ. ಮಗಳು ಹೈಸ್ಕೂಲಿನಲ್ಲಿದ್ದಳು. ಅತ್ತೆಯ ಬಾಯಿಗೆ ಬೀಗವಿರಲಿಲ್ಲ.

ಆ ಪದವಿಯ ನಿಯಮದಲ್ಲಿ ಒಂದು ತಮಾಷೆ ಇತ್ತು. ದೂರದ ವಿದ್ಯಾರ್ಥಿಗಳ ಹಾಜರಿ ಲೆಕ್ಕಕ್ಕೆ ಬರಬೇಕಾದರೆ ಅವರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಪಾಠವನ್ನು ಆಗಲೋ ಆಮೇಲೋ ಪೂರ್ತಿ ನೋಡಬೇಕು. ಮಧ್ಯೆ ಮಧ್ಯೆ ಪರದೆಯ ಮೇಲೆ 'ಇದ್ದೀರಾ?' ಅಂತ ಒಂದು ಚೌಕ ಬರುತ್ತದೆ. ಅದನ್ನು ಒತ್ತದಿದ್ದರೆ ಗೈರುಹಾಜರಿ. ಪಾಠ ನಡೆಯುವಾಗ ಸಭಾಂಗಣದಲ್ಲೇ ನಿಂತು, ಪ್ರತಿ ಮಾತನ್ನೂ ಕಿವಿಯ ಹೆಡ್‌ಫೋನಿನಲ್ಲಿ ಕೇಳಿ, ತನ್ನ ಕೈಯಾರೆ ಚಿತ್ರೀಕರಿಸಿದವಳು ಅಲ್ಲಿ ಹಾಜರಿರಲಿಲ್ಲ! ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಮೇಲೆ ಫೋನು ನಿಲ್ಲಿಸಿಕೊಂಡು, ತಾನೇ ತೆಗೆದ ಪಾಠವನ್ನು ಮತ್ತೆ ನೋಡಿದರೆ ಮಾತ್ರ ಹಾಜರಿ.

"ಅಲ್ಲ ಕಣಮ್ಮ, ಅಲ್ಲೂ ಅದೇ ಕೇಳ್ತೀಯ, ಇಲ್ಲೂ ಅದೇ ಕೇಳ್ತೀಯ. ದೇವರು ಎರಡು ಕಿವಿ ಕೊಟ್ಟಿದಾನೆ ಅಂತ ಒಂದೊಂದಕ್ಕೂ ಬೇರೆ ಬೇರೆ ಪಾಠವಾ?" ಅಂತ ಅತ್ತೆ ಕೇಳುತ್ತಿದ್ದರು. ಪರದೆಯ ಮೇಲೆ 'ಇದ್ದೀರಾ?' ಬಂದಾಗ ಸೊಸೆಯ ಕೈ ಸೋಪಿನ ನೊರೆಯಲ್ಲಿದ್ದರೆ ಅವರೇ ಬೆರಳು ಚಾಚುತ್ತಿದ್ದರು. "ಇದಾಳಪ್ಪಾ ಇದಾಳೆ. ಎಲ್ಲಿಗೆ ಹೋಗ್ತಾಳೆ? ಪಾತ್ರೆ ತೊಳೀತಿದಾಳೆ."

ಈ ಎರಡು ಸಲದ ಕೇಳುವಿಕೆಯಿಂದಲೇ ಅವಳಿಗೆ ಒಂದು ವಿಷಯ ಹೊಳೆಯಿತು. ಸಂಖ್ಯಾಶಾಸ್ತ್ರದ ಮೇಷ್ಟ್ರು ಗಂಟೆ ಹೊಡೆಯುವ ತನಕ ಸೂತ್ರಗಳನ್ನು ಒಂದರ ಹಿಂದೆ ಒಂದು ಬರೆಯುತ್ತಿದ್ದರು. ಗಂಟೆ ಹೊಡೆದ ಮೇಲೆ ಏಳೆಂಟು ವಿದ್ಯಾರ್ಥಿಗಳು ಅವರ ಮೇಜಿನ ಸುತ್ತ ಸೇರುತ್ತಿದ್ದರು. ಆಗ ಅವರು ಬೇರೆಯೇ ಮನುಷ್ಯ. ಮೇಜಿನ ತುದಿಗೆ ಒರಗಿ, ಕೈಯ ಚಾಕ್‌ಪುಡಿ ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ಸೂತ್ರ ಹಾಗಿರ್ಲಿ. ಯಾವ ಲೆಕ್ಕ ಕಂಡ್ರೂ ಮೊದಲು ಕೇಳ್ಬೇಕಾದ್ದು ಒಂದೇ: ಈ ಲೆಕ್ಕದೊಳಗೆ ಯಾರು ಬಂದಿಲ್ಲ?" ಅನ್ನುತ್ತಿದ್ದರು. ತಾವು ಎಲ್ಲೆಲ್ಲಿ ಎಡವಿದ್ದರು, ಯಾವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ಯಾವ ಕೆಲಸಕ್ಕೆ ಯಾರನ್ನು ಕಾಣಬೇಕು, ಎಲ್ಲವೂ ಬರುತ್ತಿದ್ದುದು ಆ ಹೊತ್ತಿನಲ್ಲೇ. ಮನೆಯಲ್ಲಿ ನೋಡುವಾಗ ಅದು ಇರುತ್ತಿರಲಿಲ್ಲ. ಗಂಟೆಗೆ ಸರಿಯಾಗಿ ಪರದೆ ಕಪ್ಪಾಗುತ್ತಿತ್ತು, ಯಾಕೆಂದರೆ ಹಾಗೆ ಕಪ್ಪು ಮಾಡುತ್ತಿದ್ದವಳು ಅವಳೇ.

"ನಾನು ಒಂದು ಗುಂಡಿ ಒತ್ತಿದ ತಕ್ಷಣ ಪಾಠ ಮುಗಿಯುತ್ತೆ, ವಿದ್ಯೆ ಶುರುವಾಗುತ್ತೆ," ಅಂದಳು ಒಂದು ಮಧ್ಯಾಹ್ನ. "ಒಳಗಿನೋರಿಗೆ ಎರಡೂ, ದೂರದೋರಿಗೆ ಒಂದೇ. ಜಾಹೀರಾತಲ್ಲಿ ನೋಡಿದ್ರೆ ಅದೇ ಮೇಷ್ಟ್ರು, ಅದೇ ಪಾಠ ಅಂತ ಹಾಕಿದಾರೆ."

"ಮೇಲಿನವರಿಗೆ ಹೇಳು."

"ಹೇಳ್ದೆ. ಪಾಠದ ಅವಧಿ ಅಂದ್ರೆ ಪಾಠದ ಅವಧಿ ಅಂದ್ರು."

ಮುಂದೆ ಅವಳು ಮಾಡಿದ್ದು ಹೊರಗಿನವರಿಗೆ ಕಾಣುವಂಥದ್ದಲ್ಲ. ಅವಳ ಕೆಲಸದಲ್ಲಿ ಒಂದು ಕ್ರಮವಿದೆ. ಗಂಟೆ ಹೊಡೆದ ಕೂಡಲೇ ಮೊದಲು ಮೈಕು ನಿಲ್ಲಿಸಬೇಕು, ಆಮೇಲೆ ಕ್ಯಾಮೆರಾ, ಎಲ್ಲಕ್ಕೂ ಕೊನೆಗೆ ನೆಲದ ಮೇಲಿನ ತಂತಿ ಸುತ್ತಬೇಕು. ಅವಳು ಅದನ್ನು ತಿರುವು ಮುರುವು ಮಾಡಿದಳು. ಮೊದಲು ತಂತಿ ಸುತ್ತತೊಡಗಿದಳು. ಅವಳ ತಂತಿ ಸುತ್ತುವಿಕೆಯನ್ನು ನೀವು ನೋಡಬೇಕಿತ್ತು. ಒಂದು ಸುತ್ತು ಮೇಲಿನಿಂದ, ಮುಂದಿನದು ಕೆಳಗಿನಿಂದ. ಇಲ್ಲದಿದ್ದರೆ ತಂತಿ ಮುನಿಸಿಕೊಂಡು ಗಂಟಾಗುತ್ತದೆ ಅನ್ನುತ್ತಿದ್ದಳು. ಅವಸರವಿಲ್ಲದೆ ಸಾಲು ಸಾಲಿನ ನಡುವೆ ಬಗ್ಗಿ ಹೋಗುತ್ತಿದ್ದ ಅವಳನ್ನು ಕಂಡವರು, ಪಾಪ, ಸೊಂಟನೋವಿರಬೇಕು ಅಂದುಕೊಂಡರು. ಅಷ್ಟು ಹೊತ್ತೂ ಮೇಷ್ಟ್ರ ಕಾಲರಿನ ಮೈಕು ತನ್ನ ಪಾಡಿಗೆ ಮೇಜಿನ ಸುತ್ತಲಿನ ಮಾತನ್ನು ದೂರದವರಿಗೆ ಕಳಿಸುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು. ಹಗ್ಗವೂ ಹರಿಯಲಿಲ್ಲ, ಕೋಲೂ ಮುರಿಯಲಿಲ್ಲ. ದೂರದ ವಿದ್ಯಾರ್ಥಿಗಳಿಗೆ ಇದು ಯಾರ ಕೆಲಸ ಅಂತ ಗೊತ್ತಿರಲಿಲ್ಲ. ಹೀಗೇ ಇರಬೇಕೇನೋ ಅಂದುಕೊಂಡಿದ್ದರು. ಅವಳಿಗೆ ಇನ್ನೊಂದೇ ಸೆಮಿಸ್ಟರ್ ಉಳಿದಿತ್ತು. ಹಾಗಂತ ಅವಳೇನೂ ಮೊದಲ ಸಾಲಿನ ಜಾಣೆಯಲ್ಲ. ಅಂಕಗಳು ಐವತ್ತರ ಆಚೆ ಈಚೆ ಓಲಾಡುತ್ತಿದ್ದವು. ಒಂದು ಪತ್ರಿಕೆಯನ್ನು ಎರಡು ಸಲ ಬರೆದಿದ್ದಳು.

ಅವಳೇ ಹೇಳಿದ ಒಂದು ಮಾತು ನನ್ನಲ್ಲಿ ಉಳಿದಿದೆ. "ಬಡವರ ಮನೇಲಿ ಬೃಹಸ್ಪತಿ ಹುಟ್ಟಿದ್ರೆ ಇವರು ಬಾಗಿಲು ತೆಗೀತಾರೆ, ಫೋಟೋನೂ ತೆಗೀತಾರೆ. ಒಳಗೆ ಕೂತಿರೋರೆಲ್ಲ ಬೃಹಸ್ಪತಿಗಳಾ? ನಾನು ದಿನಾ ಹಿಂದಿನಿಂದ ನೋಡ್ತೀನಲ್ಲ, ಅರ್ಧ ಜನ ನನ್ನ ಥರಾನೇ. ನನ್ನ ಥರದೋರಿಗೂ ಒಂದು ಕುರ್ಚಿ ಬೇಕು ಅಂದ್ರೆ ಮಾತ್ರ, ನೀನೇನು ಅಷ್ಟು ಜಾಣೆನಾ ಅಂತ ಕೇಳ್ತಾರೆ."

ತಂತಿ ಸುತ್ತುವಾಗ ಅವಳು ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದಳು. ಕಿವಿಗಿದ್ದರೆ ಬಗ್ಗಿದಾಗ ಅದು ಜಾರಿ ಬೀಳುತ್ತಿತ್ತು. ಮೇಜಿನ ಹತ್ತಿರ ಏನು ನಡೆಯುತ್ತಿದೆ ಅನ್ನುವುದು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಅನಾಹುತ ಆಗಿದ್ದು ಅಲ್ಲೇ.

ಒಂದು ದಿನ ಎಲ್ಲರೂ ಹೋದ ಮೇಲೆ ಒಬ್ಬ ಹುಡುಗಿ ಮೇಷ್ಟ್ರ ಹತ್ತಿರ ಉಳಿದಳು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು, ಒಳ್ಳೆಯ ಮನೆತನದ ಹುಡುಗಿ. "ಸರ್, ನನಗೆ ಒಂದಕ್ಷರ ಅರ್ಥ ಆಗ್ತಿಲ್ಲ. ತಾತ ಇಲ್ಲೇ ಓದಿದ್ರು, ಅಪ್ಪ ಇಲ್ಲೇ ಓದಿದ್ರು, ಅದಕ್ಕೇ ನಾನಿಲ್ಲಿದೀನಿ. ಮನೇಲಿ ಬಾಯಿ ಬಿಡೋಕಾಗಲ್ಲ," ಅಂದು ಅತ್ತುಬಿಟ್ಟಳು. ಮೇಷ್ಟ್ರು ಕುರ್ಚಿ ಎಳೆದು ಕೂರಿಸಿ ಸಮಾಧಾನ ಹೇಳಿದರು. ಹಿಂದೆ ಮೈಕಮ್ಮ ತಂತಿ ಸುತ್ತುತ್ತಿದ್ದಳು. ಆ ಹುಡುಗಿಯ ಅಳು ಎಲ್ಲೆಲ್ಲೋ ಇದ್ದ ಸಾವಿರಾರು ಮನೆಗಳಿಗೆ ಹೋಯಿತು.

ಕೆಲವರು 'ನಮಗೂ ಅರ್ಥವಾಗ್ತಿಲ್ಲ, ಧೈರ್ಯ ತಗೋ' ಅಂತ ಬರೆದರು. ಕೆಲವರು ಆ ತುಣುಕನ್ನು ಕತ್ತರಿಸಿ ಹಂಚಿದರು. ವಾರದೊಳಗೆ ಅವಳ ಹಾಸ್ಟೆಲಿನ ಕಾರಿಡಾರಿನಲ್ಲೇ ಯಾರೋ ಅದನ್ನು ಜೋರಾಗಿ ಹಾಕಿ ನಕ್ಕರು. ಹುಡುಗಿ ದೂರು ಕೊಟ್ಟಳು.

ಹೇಳಿಕೆಗೆ ಬರುವಂತೆ ಮೈಕಮ್ಮನಿಗೆ ವಿಚಾರಣಾ ಸಮಿತಿಯಿಂದ ಕರೆ ಬಂತು. ಅವಳ ವಿಭಾಗದ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ನಮ್ಮ ಮೆಟ್ಟಿಲ ತನಕ ಬಂದು ಬುದ್ಧಿ ಹೇಳಿದ. "ನೋಡಮ್ಮ, ಮರೆತೆ ಅಂದ್ಬಿಡು. ಮೈಕು ಮರೆಯೋದು ಲೋಕದಲ್ಲಿ ಹೊಸದಲ್ಲ. ಒಂದು ಎಚ್ಚರಿಕೆ ಕೊಟ್ಟು ಕಳಿಸ್ತಾರೆ. ಬೇಕಂತಲೇ ಮಾಡ್ದೆ ಅಂದ್ಯೋ, ನೀನು ಅದೇ ಪದವಿಯ ವಿದ್ಯಾರ್ಥಿನಿ ಬೇರೆ. ಸ್ವಂತ ಲಾಭಕ್ಕೆ ಮಾಡಿದಳು ಅಂತ ಸೀಟು ರದ್ದು ಮಾಡ್ತಾರೆ. ಇನ್ನೊಂದೇ ಸೆಮಿಸ್ಟರ್ ಇರೋದು ನಿಂಗೆ."

ಗಂಡ ಅಂಗಡಿಯ ಭಾಷೆಯಲ್ಲೇ ಹೇಳಿದನಂತೆ. "ಕತ್ತರಿ ಜಾರಿತು ಅಂದ್ರೆ ಗಿರಾಕಿ ಬೈದು ಸುಮ್ಮನಾಗ್ತಾನೆ. ಬೇಕಂತಲೇ ಕಿವಿ ಕೊಯ್ದೆ ಅಂದ್ರೆ ಮತ್ತೆ ಆ ಕುರ್ಚೀಲಿ ಕೂರ್ತಾನಾ?"

ಮಗಳು ಮಾತ್ರ, "ಅಮ್ಮ, ಆ ಅಕ್ಕನ ಹತ್ರ ಮಾತಾಡಿದ್ಯಾ?" ಅಂದಳಂತೆ.

ಮರುದಿನ ಮೈಕಮ್ಮ ಹಾಸ್ಟೆಲಿಗೆ ಹೊರಟಳು. ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಸಂದರ್ಶಕರ ಕೋಣೆಯಲ್ಲಿ ಹುಡುಗಿ ಕೂರದೆ ಬಾಗಿಲಿನಲ್ಲೇ ನಿಂತಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ನೀವು ಬೇಕಂತ ಮಾಡಿದ್ರಾ?"

"ಮೈಕು ಬಿಟ್ಟಿದ್ದು ಬೇಕಂತಲೇ. ನಿನ್ನ ಮಾತು ಹೋಗಿದ್ದು ಬೇಕಂತ ಅಲ್ಲಮ್ಮ. ನಾನು ಹೆಡ್‌ಫೋನು ಕಿವೀಗೆ ಹಾಕ್ಕೊಂಡಿರಲಿಲ್ಲ."

"ನನಗೆ ಎರಡಕ್ಕೂ ಏನು ವ್ಯತ್ಯಾಸ?"

"ನಿನಗೆ ಏನೂ ಇಲ್ಲ," ಅಂದಳು ಇವಳು. "ದೂರದಲ್ಲಿರೋರಿಗೂ ಮೇಷ್ಟ್ರು ಸಿಗ್ಲಿ ಅಂತ ಮಾಡ್ದೆ. ಆದರೆ ಮೇಜಿನ ಹತ್ರ ನಿಂತೋರನ್ನ ಒಂದು ಮಾತು ಕೇಳಬೇಕಾಗಿತ್ತು. ಕೇಳ್ಲಿಲ್ಲ," ಅಂದಳು.

ಹುಡುಗಿ ಕ್ಷಮಿಸಿದೆ ಅನ್ನಲಿಲ್ಲ. "ಸಮಿತೀಲಿ ಇದನ್ನೇ ಹೇಳ್ತೀರಾ, ಅಥವಾ ಮರೆತೆ ಅಂತೀರಾ?" ಅಂತ ಕೇಳಿದಳು. ಉತ್ತರಕ್ಕೆ ಕಾಯದೆ ಹುಡುಗಿ ಒಳಗೆ ಹೋದಳು.

ವಾಪಸು ಬರುವಾಗ ನಾನೇ ಮಾತು ತೆಗೆದೆ. ಸೀಟು ಹೋದರೆ ಇಷ್ಟು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದ ಹಾಗೆ ಅಂದೆ. ಅವಳು ದ್ವಾರದ ಹತ್ತಿರ ನಿಂತು, "ಮರೆತೆ ಅಂದ್ರೆ ಸೀಟು ಉಳಿಯುತ್ತೆ, ಸರಿ. ಆದರೆ ದೂರದೋರಿಗೆ ಆ ಮಾತು ಸಿಕ್ಕಿದ್ದೇ ಒಂದು ತಪ್ಪು ಅಂತ ಆಗೋಗುತ್ತಲ್ಲ. ನಾನೇ ಅದಕ್ಕೆ ಸಹಿ ಹಾಕಿದ ಹಾಗಲ್ವಾ?" ಅಂದಳು. ಆಮೇಲೆ ನಗುತ್ತಾ, "ಅಲ್ಲದೆ ನನ್ನ ಕೆಲಸದಲ್ಲಿ ನಾನು ಯಾವತ್ತೂ ಮೈಕು ಮರೆತೋಳಲ್ಲ, ಗೊತ್ತಾ? ಆ ಅವಮಾನ ಬೇರೆ ಯಾರಿಗೆ ಬೇಕು?" ಅಂದಳು.

ಸಮಿತಿಯಲ್ಲಿ ನಡೆದದ್ದನ್ನು ಅವಳೂ ಹೇಳಿದಳು, ಅಲ್ಲಿದ್ದ ಮೇಲ್ವಿಚಾರಕನೂ ಹೇಳಿದ. ಇಬ್ಬರ ಮಾತೂ ಹೊಂದುತ್ತಿತ್ತು. ಡೀನ್ ಕೇಳಿದರು, ಮರೆತಿರಾ ಅಂತ. ಇಲ್ಲ ಸರ್, ಎರಡು ವರ್ಷದಿಂದ ಹೀಗೇ ಮಾಡ್ತಿದೀನಿ ಅಂದಳು. ಮೇಲ್ವಿಚಾರಕ ಹಣೆ ಹಿಡಿದುಕೊಂಡನಂತೆ.

ಯಾಕೆ ಅಂತ ಕೇಳಿದ್ದು ಮೇಷ್ಟ್ರು, ಅವರನ್ನೂ ಅಲ್ಲಿಗೆ ಕರೆಸಿದ್ದರು.

"ಸರ್, ತಪ್ಪು ತಿಳ್ಕೋಬೇಡಿ. ಗಂಟೆ ಹೊಡೆಯೋ ತನಕ ನೀವು ಪಾಠ ಹೇಳ್ತೀರಿ. ಹೊಡೆದ ಮೇಲೆ ಕಲಿಸ್ತೀರಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಡೀನ್ ಬಿಡಲಿಲ್ಲ. "ಒಳಗಿನ ವಿದ್ಯಾರ್ಥಿಗಳು ಕಠಿಣ ಪರೀಕ್ಷೆ ಪಾಸು ಮಾಡಿ ಬಂದಿದಾರೆ. ಆ ಸಾಮೀಪ್ಯ ಅವರು ಗಳಿಸಿದ್ದು. ಅದನ್ನ ಬೀದಿಗೆ ಹಂಚೋಕೆ ನೀವ್ಯಾರು?"

ಅದಕ್ಕೆ ಅವಳು ವಾದ ಮಾಡಲಿಲ್ಲವಂತೆ. "ಅವರು ಗಳಿಸಿದಾರೆ ಸರ್, ನಾನು ಇಲ್ಲ ಅನ್ನಲ್ಲ. ಆದರೆ ದೀಪದಿಂದ ದೀಪ ಹಚ್ಕೊಂಡ್ರೆ ಮೊದಲನೇದು ಆರಿ ಹೋಗುತ್ತಾ? ಮೈಕು ಬಿಟ್ಟಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಯಾರಿಗೂ ಹೇಳದೆ ಬಿಟ್ಟೆ, ಅದರಿಂದ ಒಂದು ಮಗು ನೊಂದಿತು. ಅದಕ್ಕೆ ಏನು ಶಿಕ್ಷೆ ಕೊಟ್ರೂ ತಗೋತೀನಿ."

ಶಿಕ್ಷೆ ಕೊಟ್ಟರು. ಕೆಲಸ ಉಳಿಯಿತು, ಯಾಕೆಂದರೆ ಸಭಾಂಗಣದ ಹಳೆಯ ಯಂತ್ರ ಅವಳೊಬ್ಬಳ ಮಾತು ಮಾತ್ರ ಕೇಳುತ್ತಿತ್ತು. ಸೀಟು ರದ್ದಾಯಿತು. ಎರಡು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಿಕೊಳ್ಳಬಹುದು ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನಾನು ಕಣ್ಣೀರು ಹಾಕಿದೆ. ಅವಳು ಅಳಲಿಲ್ಲ. ಆ ದಿನ ಮಧ್ಯಾಹ್ನ ಡಬ್ಬಿ ತೆರೆಯಲೂ ಇಲ್ಲ.

ಮುಂದಿನ ಪಾಠದಲ್ಲಿ ಗಂಟೆ ಹೊಡೆದಾಗ ಅವಳು ನಿಯಮದ ಪ್ರಕಾರ ಮೈಕಿನ ಗುಂಡಿಗೆ ಕೈ ಹಾಕಿದಳಂತೆ. ಮೇಷ್ಟ್ರು ಮೇಜಿನಿಂದಲೇ, "ಇರಲಿ ಬಿಡಮ್ಮ," ಅಂದರು. ಸುತ್ತ ನಿಂತವರಿಗೆ, "ನೋಡ್ರಪ್ಪ, ಮೈಕು ಚಾಲೂ ಇದೆ. ಕೇಳೋದಿದ್ರೆ ಇಲ್ಲೇ ಕೇಳಿ. ಗುಟ್ಟಿನ ಮಾತಿದ್ರೆ ಸಂಜೆ ನನ್ನ ಕೋಣೆಗೆ ಬನ್ನಿ," ಅಂದರು. ಅವತ್ತಿನಿಂದ ಅವರ ಪಾಠದಲ್ಲಿ ಅದೇ ರೂಢಿಯಾಯಿತು. ಡೀನ್ ಕಚೇರಿ ಕಂಡೂ ಕಾಣದ ಹಾಗೆ ಇತ್ತು. ಉಳಿದ ಮೇಷ್ಟ್ರುಗಳು ಮಾತ್ರ ಗಂಟೆಗೆ ಸರಿಯಾಗಿ ಮೈಕು ಬಿಚ್ಚಿ ಅವಳ ಕೈಗಿಟ್ಟು ನಡೆದರು.

ಇದರಿಂದ ಎಲ್ಲ ಸರಿಹೋಯಿತು ಅಂತ ನಾನು ಬರೆಯಲಾರೆ. ಮೈಕು ಕೇಳಿಸಿಕೊಳ್ಳುತ್ತಿದೆ ಅಂತ ಗೊತ್ತಾದ ಮೇಲೆ ಮೇಜಿನ ಸುತ್ತಲಿನ ಮಾತು ಮೊದಲಿನಷ್ಟು ಬಿಚ್ಚಿಕೊಳ್ಳಲಿಲ್ಲ. ಪೆದ್ದು ಪ್ರಶ್ನೆ ಕೇಳುವವರು ಕಡಿಮೆಯಾದರು. ಒಳಗಿನವರಿಗೆ ಒಂದಿಷ್ಟು ನಷ್ಟ ಆಗಿದ್ದು ನಿಜ. ಆ ಹುಡುಗಿ ವರ್ಷದ ಕೊನೆಗೆ ಓದು ಬಿಟ್ಟು ಹೋದಳು. ಎಲ್ಲಿಗೆ ಅಂತ ನಮಗೆ ತಿಳಿಯಲಿಲ್ಲ. ಮೈಕಮ್ಮನನ್ನು ಅದು ಬಹಳ ದಿನ ಕಾಡಿತು. ಹುಡುಗಿ ತನಗೆ ಅರ್ಥವಾಗದ್ದು ಬಿಟ್ಟು ಬೇರೇನೋ ಓದುತ್ತಿರಬಹುದು ಅಂತ ನಾನು ಅಂದರೆ, "ಇರಬಹುದು. ನನ್ನಿಂದ ಅಂತೂ ಅವಳಿಗೆ ಒಳ್ಳೇದಾಗಿಲ್ಲ," ಅನ್ನುತ್ತಿದ್ದಳು.

ಎರಡು ವರ್ಷ ಅವಳು ಅದೇ ಪಾಠಗಳನ್ನು ಕೇಳುತ್ತಾ ನಿಂತಳು, ಯಾರ ಹಾಜರಿ ಪುಸ್ತಕದಲ್ಲೂ ಇಲ್ಲದೆ. ಆಮೇಲೆ ಅರ್ಜಿ ಹಾಕಿದಳು. ಅಷ್ಟರಲ್ಲಿ ಪಠ್ಯ ಬದಲಾಗಿ, ಉಳಿದಿದ್ದ ಸೆಮಿಸ್ಟರಿಗೆ ಹೊಸ ಪತ್ರಿಕೆಯೊಂದು ಸೇರಿತ್ತು. ನನ್ನ ಕೌಂಟರಿನಿಂದ ಪುಸ್ತಕ ಒಯ್ದು, ಅವಧಿ ಮೀರಿಸಿ, "ನೀನಿದ್ದೀಯಲ್ಲ" ಅಂತ ದಬಾಯಿಸಿ, ಹೇಗೋ ಬರೆದು ಮುಗಿಸಿದಳು. ಸಾಧಾರಣ ದರ್ಜೆಯಲ್ಲಿ ಪಾಸಾದಳು.

ಅದರಿಂದ ಅವಳಿಗೆ ಸಿಕ್ಕಿದ್ದೇನು ಅಂತ ಸಂತಾಪಕ್ಕೆ ಬಂದವರೊಬ್ಬರು ಕೇಳಿದರು. ದೂರದ ವಿದ್ಯಾರ್ಥಿಗಳಿಗೆ ನೆರವಾಗುವ ಸಹಾಯಕರ ಹುದ್ದೆಗೆ ಅವಳು ಅರ್ಜಿ ಹಾಕಿದ್ದು ನಿಜ, ಕರೆ ಬರಲಿಲ್ಲ ಅನ್ನುವುದೂ ನಿಜ. ಪದವಿಯ ಮೇಲೆ 'ದೂರಶಿಕ್ಷಣ' ಅಂತ ಒಂದು ಪದ ಜಾಸ್ತಿ ಇತ್ತು. ಆ ಒಂದು ಪದಕ್ಕೇ ಪದವಿಯ ಬೆಲೆ ಇಳಿಯುತ್ತಿತ್ತು. ಇದು ಅನ್ಯಾಯ ಅನ್ನುವುದನ್ನು ಅವಳು ಸಿಟ್ಟಿಲ್ಲದೆ ಹೇಳುತ್ತಿದ್ದಳು, ನಾನು ಸಿಟ್ಟಿನಿಂದ ಹೇಳುತ್ತೇನೆ. ಆದರೆ ದಿನಪತ್ರಿಕೆ ಓದುವಾಗ, ಬಸ್ಸಿನಲ್ಲಿ ಯಾರೋ ಶೇಕಡಾವಾರು ಹೇಳಿ ದಬಾಯಿಸುವಾಗ, "ಇದರಲ್ಲಿ ಯಾರನ್ನ ಬಿಟ್ಟಿದೀರಿ ಸ್ವಾಮಿ?" ಅಂತ ಅವಳು ಕೇಳುತ್ತಿದ್ದ ರೀತಿ ನನಗೆ ಗೊತ್ತು. ಆ ವಿದ್ಯೆಗೆ ಯಾವ ಹುದ್ದೆಯೂ ಬೇಕಿರಲಿಲ್ಲ.

ಘಟಿಕೋತ್ಸವ ಒಳಗಿನ ವಿದ್ಯಾರ್ಥಿಗಳಿಗೆ ಮಾತ್ರ. ದೂರದವರಿಗೆ ಪದವಿ ಅಂಚೆಯಲ್ಲಿ ಬರುತ್ತದೆ. ಆ ವರ್ಷದ ಘಟಿಕೋತ್ಸವದ ದಿನ ಅವಳು ಬೆಳಿಗ್ಗೆಯಿಂದ ಕ್ಯಾಮೆರಾದ ಹಿಂದೆ ನಿಂತಿದ್ದಳು. ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರು, ಅವರು ವೇದಿಕೆ ಹತ್ತುತ್ತಿದ್ದರು, ಮನೆಯವರು ಚಪ್ಪಾಳೆ ಹೊಡೆಯುತ್ತಿದ್ದರು. ಯಾರ ಮುಖವೂ ತಪ್ಪದ ಹಾಗೆ ಅವಳು ಎಲ್ಲವನ್ನೂ ಹಿಡಿದಳು. ಸಂಜೆ ಕಾಲು ಸೋತು, ನನ್ನ ಜೊತೆ ಬಸ್ಸಿಳಿದು, ಬಾ ಸ್ವಲ್ಪ ಚಹಾ ಕುಡಿದು ಹೋಗು ಅಂದಳು. ಅವರ ಮನೆ ನಾಲ್ಕನೇ ಮಹಡಿಯಲ್ಲಿತ್ತು.

ಮೊದಲ ಮಹಡಿಯಲ್ಲಿ ಹೊಲಿಗೆಯಾಕೆ ಬಾಗಿಲಲ್ಲೇ ನಿಂತು, "ಏನ್ರೀ, ದೊಡ್ಡ ಪದವೀನಂತೆ!" ಅಂದಳು. ಎರಡನೇ ಮಹಡಿಯಲ್ಲಿ ನಿವೃತ್ತ ಅಂಚೆಯವರು ಕೈ ಮುಗಿದರು. ಮೂರನೇ ಮಹಡಿಯಲ್ಲಿ ಯಾವ ಕಾಲದಿಂದಲೂ ಮಾತು ಬಿಟ್ಟಿದ್ದ ಮನೆಯವರು ಕಿಟಕಿಯಿಂದ ಇಣುಕಿ ನೋಡಿದರು. ಇವರಿಗೆಲ್ಲ ಹೇಗೆ ಗೊತ್ತಾಯಿತು ಅಂತ ನಮಗೆ ಹೊಳೆಯಲಿಲ್ಲ.

ಬಾಗಿಲು ತೆಗೆದ ಅತ್ತೆಯ ಗಂಟಲು ಕಟ್ಟಿತ್ತು.

"ಮಧ್ಯಾಹ್ನ ದಪ್ಪ ಕವರ್ ಬಂತು. ತೆಗೆದು ನೋಡಿದೆ, ನಿನ್ನದೇ. ಅಲ್ಲಿ ಎಲ್ಲರ ಹೆಸರೂ ಕೂಗ್ತಾರೆ ಅಂದಿದ್ಯಲ್ಲ. ನಿನ್ನದನ್ನ ಕೂಗೋರು ಯಾರು? ಮೆಟ್ಟಿಲ ಹತ್ರ ನಿಂತು ನಾನೇ ಕೂಗಿದೆ. ಪೂರ್ತಿ ಹೆಸರು, ನಿಮ್ಮಪ್ಪನ ಹೆಸರೂ ಸೇರಿಸಿ. ಒಂದ್ಸಲಕ್ಕೆ ಯಾರೂ ಹೊರಗೆ ಬರಲಿಲ್ಲ. ಎಲ್ಲಾ ಬರೋ ತನಕ ಕೂಗಿದೆ."

ಮೈಕಮ್ಮ ಚಪ್ಪಲಿ ಬಿಚ್ಚುವುದನ್ನು ಅರ್ಧಕ್ಕೆ ಬಿಟ್ಟು ಹೊಸ್ತಿಲ ಮೇಲೆ ಕೂತಳು. ಸೀಟು ಹೋದ ದಿನ ಅಳದವಳು ಅಲ್ಲಿ ಅತ್ತಳು. ಅತ್ತೆ ಗಾಬರಿಯಾಗಿ, "ಯಾಕೇ, ನಾನು ಹೆಸರು ತಪ್ಪಾಗಿ ಕೂಗಿದ್ನಾ?" ಅಂತ ನನ್ನನ್ನು ಕೇಳಿದರು.